ಪುಸ್ತಕದಲ್ಲಿ ಇಲ್ಲದ ಹಂಡೆ

ಸೊರಬದ ಬಸ್ಸಿನಲ್ಲಿ ಬಂದ ಹುಣಸೆಹಣ್ಣಿನ ಡಬ್ಬಿಯನ್ನು ಬಿಚ್ಚಿದ್ದೇ ತಡ, ಬೆಳಿಗ್ಗೆ ಬೆಳಿಗ್ಗೆಯೇ ಮನಸ್ಸು ಕೆಟ್ಟಿತು. ಬೀಜ. ಒಂದೆರಡಲ್ಲ, ಹಣ್ಣನ್ನು ಬಿಡಿಸಿಯೇ ಇಲ್ಲ. ನಮ್ಮ ದೊಡ್ಡಮ್ಮ ಸರೋಜಮ್ಮ ವರ್ಷಾ ವರ್ಷಾ ಶಿಕಾರಿಪುರಕ್ಕೆ ಹುಣಸೆಹಣ್ಣು ಕಳಿಸುತ್ತಾಳೆ. ಬೀಜ ಹಾಗಿರಲಿ, ಅದರಲ್ಲಿ ಒಂದೆಳೆ ನಾರು ಸಿಕ್ಕಿದ್ದೂ ನನಗೆ ನೆನಪಿಲ್ಲ. ವಯಸ್ಸಾಯಿತು, ಕಣ್ಣು ಕೈಕೊಟ್ಟಿತೇನೋ ಎಂದು ಡಬ್ಬಿಯ ಮುಂದೆಯೇ ಕೂತುಬಿಟ್ಟೆ. ಹುಣಸೆಹಣ್ಣಿನ ವಾಸನೆ ನಿಮಗೂ ಗೊತ್ತಲ್ಲ, ಸುಮ್ಮನೆ ಕೂರಲು ಬಿಡುವುದಿಲ್ಲ.

ಬೇಸಿಗೆ ರಜೆ ಬಂತೆಂದರೆ ನನ್ನನ್ನು ಸೊರಬಕ್ಕೆ ಅಟ್ಟುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ದೊಡ್ಡಮ್ಮನ ಪಡಸಾಲೆಯಲ್ಲಿ ಕೇರಿಯ ಏಳೆಂಟು ಹೆಂಗಸರು ಹುಣಸೆಹಣ್ಣಿನ ರಾಶಿಯ ಸುತ್ತ ಕೂರುವರು. ಕೈಗೆ ಕೆಲಸ, ಕಿವಿಗೆ ಕಾದಂಬರಿ. ಲೈಬ್ರರಿಯಿಂದ ತಂದ ಪುಸ್ತಕವನ್ನು ದೊಡ್ಡಮ್ಮ ಗಟ್ಟಿಯಾಗಿ ಓದುವಳು. ಓದುವವಳು ಹಣ್ಣು ಮುಟ್ಟುವಂತಿಲ್ಲ, ಹಾಳೆಗೆ ಅಂಟುತ್ತದೆ. ಅವಳ ಪಾಲಿನ ಹಣ್ಣನ್ನು ಉಳಿದವರು ಬಿಡಿಸಬೇಕು. ಅದು ಆ ಪಡಸಾಲೆಯ ಕಾನೂನು. ನಾನು ಬೀಜ ಹೆಕ್ಕುವ ನೆಪದಲ್ಲಿ ಬೇಕಾದಷ್ಟು ನುಂಗಿ, ಸಂಜೆ ಹಲ್ಲು ಜುಮ್ಮೆನ್ನುತ್ತದೆ ಎಂದು ಅಳುತ್ತಿದ್ದೆ.

ಹಾಗೆ ಕೇಳಿದ ಒಂದು ಕಾದಂಬರಿ ನನ್ನೊಳಗೆ ಕೂತುಬಿಟ್ಟಿತು. ತುಂಬಿದ ಮನೆ, ಮೂವರು ಅಣ್ಣತಮ್ಮಂದಿರು, ದಿನಾ ಎಲ್ಲರಿಗಿಂತ ಮೊದಲು ಎದ್ದು ನೀರು ಕಾಯಿಸುವ ಹಿರಿಸೊಸೆ ನೀಲಮ್ಮ. ಕೊನೆಯಲ್ಲಿ ಮನೆ ಪಾಲಾಗುತ್ತದೆ. ಬಚ್ಚಲಿನ ದೊಡ್ಡ ತಾಮ್ರದ ಹಂಡೆ ಯಾರಿಗೆ ಎಂಬ ಜಗಳ ಕೈ ಕೈ ಮಿಲಾಯಿಸುವವರೆಗೆ ಹೋಗುತ್ತದೆ. ಆಗ ನೀಲಮ್ಮ ತುಟಿಪಿಟಕ್ಕೆನ್ನದೆ ಹೋಗಿ ಆ ಹಂಡೆಯ ಕೆಳಗೆ ಬೆಂಕಿ ಹಾಕುತ್ತಾಳೆ. ಆಮೇಲೆ ಬಂದು ಹೇಳುತ್ತಾಳೆ: "ನೀರು ಕಾದಿದೆ. ಎಲ್ಲರೂ ಸ್ನಾನ ಮಾಡಿ ಊಟಕ್ಕೆ ಬನ್ನಿ. ಹಂಡೆ ಆರಿದ ಮೇಲೆ ಯಾರು ಬೇಕಾದರೂ ಎತ್ತಿಕೊಂಡು ಹೋಗಿ." ಕಾದ ಹಂಡೆಯನ್ನು ಯಾರು ಎತ್ತುತ್ತಾರೆ? ಅದು ಆರುವಷ್ಟರಲ್ಲಿ ಅವರ ಸಿಟ್ಟೂ ಆರುತ್ತದೆ. ಮನೆ ಪಾಲಾದರೂ ಹಂಡೆ ಅಲ್ಲೇ ಉಳಿಯುತ್ತದೆ. ಅವತ್ತು ಪಡಸಾಲೆಯಲ್ಲಿ ಒಬ್ಬರ ಕೈಯೂ ಆಡಲಿಲ್ಲ.

ಹೋದ ವರ್ಷ ಅದೇ ಕಾದಂಬರಿಯನ್ನು ಧಾರಾವಾಹಿ ಮಾಡುತ್ತೇವೆ, ಸಂಭಾಷಣೆ ನೀವೇ ಬರೆಯಬೇಕು ಎಂದು ಬೆಂಗಳೂರಿನಿಂದ ಫೋನು ಬಂತು. ನಾನು ನಿವೃತ್ತ ಕನ್ನಡ ಟೀಚರು, ಶಾಲೆಯ ಮಕ್ಕಳಿಗೆ ನಾಲ್ಕು ನಾಟಕ ಬರೆದವಳು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಾದಂಬರಿಕಾರರು ಈಗಿಲ್ಲ. ಅವರ ಮಗಳು ಒಪ್ಪಿಗೆ ಕೊಡುವಾಗ ಒಂದು ಕರಾರು ಹಾಕಿದ್ದರು: ಪುಸ್ತಕದಲ್ಲಿ ಇಲ್ಲದ್ದು ಒಂದು ದೃಶ್ಯವೂ ಸೇರಕೂಡದು, ಸೇರಿದರೆ ಧಾರಾವಾಹಿ ಅಲ್ಲಿಗೇ ನಿಲ್ಲಬೇಕು. ಆ ಕರಾರಿಗೆ ನಾನೇ ಪೊಲೀಸು. ಹೊಂಚು ಹಾಕುವ ನಾದಿನಿಯೊಬ್ಬಳು ಬೇಕು ಎಂದು ನಿರ್ದೇಶಕರು ಗೋಗರೆದರೆ, "ಮೂಲದಲ್ಲಿ ಇಲ್ಲ ರೀ" ಎನ್ನುತ್ತಿದ್ದೆ. ಮನೆಯಲ್ಲಿ ನಮ್ಮ ಯಜಮಾನರು ಸಾರಿಗೆ ಉಪ್ಪು ಕಡಿಮೆ ಎಂದರೂ ಅದೇ ಉತ್ತರ ಕೊಡುವ ಮಟ್ಟಕ್ಕೆ ಬಂದಿದ್ದೆ.

ಕೊನೆಯ ಅಧ್ಯಾಯದವರೆಗೆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದೆ. ಹಂಡೆಯ ದೃಶ್ಯ ಬಂದಾಗ ಮಾತ್ರ ಪುಸ್ತಕ ಮುಚ್ಚಿಟ್ಟೆ. ಬಾಯಿಪಾಠ ಬರುವುದನ್ನು ಏನು ತೆರೆದು ನೋಡುವುದು?

ಮಾರನೆಯ ದಿನ ನಿರ್ದೇಶಕರ ಫೋನು. "ಮೇಡಂ, ಹಂಡೆ ಸೀನ್ ಓದಿ ಎಲ್ರೂ ಅತ್ರು. ಆದ್ರೆ ಪುಸ್ತಕದಲ್ಲಿ ಎಲ್ಲಿದೆ?"

"ಕೊನೇ ಅಧ್ಯಾಯದಲ್ಲಿ. ಕನ್ನಡಕ ಹಾಕ್ಕೊಂಡು ನೋಡಿ ರೀ."

"ಹಾಕ್ಕೊಂಡೇ ನೋಡ್ದೆ ಮೇಡಂ. ಇಲ್ಲ."

ತೆರೆದು ನೋಡಿದೆ. ಪಾತ್ರೆ ಹಂಚುವ ಪುಟದಲ್ಲಿ ನೀಲಮ್ಮನಿಗಿದ್ದದ್ದು ಒಂದೇ ಸಾಲು. ಅವಳು ಬಾಗಿಲ ಮರೆಯಲ್ಲಿ ನಿಂತು ಅತ್ತಳು. ಅಷ್ಟೇ. ವಾರದೊಳಗೆ ಚಿತ್ರೀಕರಣ. ಕಾದಂಬರಿಕಾರರ ಮಗಳು ಒಪ್ಪದಿದ್ದರೆ ಹಂಡೆಯೂ ಇಲ್ಲ, ನಾನೂ ಇಲ್ಲ, ನೀಲಮ್ಮ ಬಾಗಿಲ ಮರೆಗೆ ಹೋಗಬೇಕು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆ. ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದಳು. ಆ ಹಂಡೆಯ ಕಥೆ ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟಳು.

"ಆ ಹಾಳೆ ಇರಲಿಲ್ಲ ಕಣೇ. ಯಾರೋ ಪುಣ್ಯಾತ್ಮರು ಹರ್ಕೊಂಡಿದ್ರು. ಎಂಟು ಜನ ನನ್ನ ಬಾಯಿ ನೋಡ್ತಾ ಕೂತಿದ್ರು, ಇಲ್ಲ ಅಂತ ಹೆಂಗೆ ಹೇಳ್ಲಿ? ಓದ್ದಂಗೆ ಮಾಡಿ ಹೇಳ್ತಾ ಹೋದೆ."

"ಅದು ಹೆಂಗೆ ಹೊಳೀತು ದೊಡ್ಡಮ್ಮ?"

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ನಮ್ಮನೆ ಪಾಲಾಗೋವಾಗ ನಾನು ಬಾಗ್ಲ ಮರೇಲಿ ನಿಂತು ಅತ್ತಿದ್ದೆ. ನೀಲಮ್ಮನಾದ್ರೂ ಅಳೋದು ಬ್ಯಾಡ ಅನ್ನಿಸ್ತು."

ಮುದ್ರಿತ ಪುಟದಲ್ಲಿ ಏನಿದೆ ಎಂದು ನಾನು ಅವಳಿಗೆ ಹೇಳಿರಲಿಲ್ಲ.

ಅಲ್ಲೇ ಪಡಸಾಲೆಯಿಂದ ಕಾದಂಬರಿಕಾರರ ಮಗಳಿಗೆ ಫೋನು ಮಾಡಿ, ಒಂದನ್ನೂ ಮುಚ್ಚಿಡದೆ ಒಪ್ಪಿಕೊಂಡೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದರು: "ಆ ಪುಟ ಓದಿ ನಮ್ಮಮ್ಮ ಎರಡು ದಿನ ಅಪ್ಪನ ಹತ್ರ ಮಾತಾಡಿರ್ಲಿಲ್ಲ. ಅಷ್ಟು ದುಡಿದವಳಿಗೆ ಒಂದೇ ಸಾಲಾ ಅಂತ. ಇಟ್ಕೊಳ್ಳಿ. ಆದ್ರೆ ಅದನ್ನ ಬರೆದವರ ಹೆಸರು ಹಾಕ್ಬೇಕು. ಇದೂ ಕರಾರೇ."

ಪ್ರಸಾರದ ಸಂಜೆ ಆ ಹಳೆಯ ಬಳಗದಲ್ಲಿ ಉಳಿದ ನಾಲ್ವರೂ ದೊಡ್ಡಮ್ಮನ ಮನೆಯಲ್ಲಿ ಸೇರಿದರು. ಟಿವಿಯಲ್ಲಿ ನೀಲಮ್ಮ ಹಂಡೆಯ ಕೆಳಗೆ ಬೆಂಕಿ ಹಾಕಿದಳು. ಅವಳ ಮಾತನ್ನು ಅವಳಿಗಿಂತ ಮೊದಲು ಈ ನಾಲ್ವರೂ ಹೇಳಿ ಮುಗಿಸಿದರು. ಕೊನೆಗೆ ಹೆಸರುಗಳು ಬಂದವು. "ಹಂಡೆಯ ದೃಶ್ಯ: ಸರೋಜಮ್ಮ, ಸೊರಬ."

ಅವರಲ್ಲೊಬ್ಬರಾದ ಪಕ್ಕದ ಮನೆಯ ನಾಗವೇಣಮ್ಮನಿಗೆ ತಬ್ಬಿಬ್ಬು. "ಇದೇನೇ ಸರೋಜಕ್ಕ, ನಿನ್ನ ಹೆಸರು ಯಾಕೆ ಹಾಕಿದ್ರು? ಅದು ಪುಸ್ತಕದ್ದಲ್ವಾ?"

ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದವಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಅಲ್ಲ ಮಾರಾಯ್ತಿ," ಎಂದಳು, "ಅದು ನಂದು." ನಾನು ಅಂದು ಪಟ್ಟಷ್ಟು ಸಂತೋಷವನ್ನು ನನ್ನ ಹೆಸರು ಬಂದಾಗ ಪಟ್ಟಿರಲಿಲ್ಲ, ನಿಜವಾಗಿ.

ಡಬ್ಬಿಯ ಮುಂದೆ ಕೂತು ಇಷ್ಟೆಲ್ಲ ನೆನೆದ ಮೇಲೆ ತಡೆಯಲಾಗದೆ ಫೋನು ಮಾಡಿದೆ. "ದೊಡ್ಡಮ್ಮ, ಹುಷಾರಾಗಿದೀಯಾ? ಹಣ್ಣಲ್ಲಿ ಪೂರ್ತಿ ಬೀಜ."

"ಹುಷಾರಾಗೇ ಇದೀನಿ. ಪುರುಸೊತ್ತಿಲ್ಲ ಕಣೇ, ಬರೀತಾ ಕೂತಿದೀನಿ. ಎರಡು ನೋಟ್‌ಬುಕ್ ಮುಗೀತು. ನಾಗವೇಣಿ ದಿನಾ ಬಂದು ಮುಂದೇನಾಯ್ತು ಅಂತ ಪ್ರಾಣ ತಿಂತಾಳೆ. ನಮ್ಮ ಪಡಸಾಲೆ ಕಾನೂನು ಮರೆತ್ಯೇನೇ?"

ಮರೆಯುವುದುಂಟೇ? ಚಾಪೆ ಹಾಸಿ, ಅವಳ ಪಾಲಿನ ಹಣ್ಣು ಬಿಡಿಸಲು ಕೂತೆ.