ಎಂಜಿನ್ನು ತಪ್ಪು ಬಾಯಿಂದ ಹೊಗೆ ಬಿಟ್ಟ ದಿನ

ಪಿಸ್ಟನ್ ಒಡೆದಿರಬಹುದು. ವಾಲ್ವು ಬಾಗಿರಬಹುದು, ಬಾಗಿದ್ದು ಮುರಿದು ಪಿಸ್ಟನ್ನಿನ ತಲೆಯೊಳಗೆ ನಟ್ಟಿರಬಹುದು. ಕ್ರ್ಯಾಂಕು ಬಿರುಕು ಬಿಟ್ಟಿರಬಹುದು. ಹ್ಯಾಂಡಲ್ ತಿರುಗಿ ಹೊಡೆದ ಏಟಿಗೆ ಮಾಮನ ಮಣಿಕಟ್ಟು ಮುರಿದಿರಬಹುದು, ಮರ್ಯಾದೆಗೆ ಅಂಜಿ ಅವನು ಹೇಳದೆ ನಿಂತಿರಬಹುದು. ಹೊಸ ಗೇರಿನ ಹಲ್ಲು ಉದುರಿರಬಹುದು. ಜತ್ತಿನ ಅಂಗಡಿಯವನು ಬೇರೆ ಯಾವುದೋ ಎಂಜಿನ್ನಿನ ಗೇರು ಕೊಟ್ಟಿರಬಹುದು. ಗುರುತು ಹಾಕಲೆಂದು ನಾನು ಕಿಸೆಯಿಂದ ತೆಗೆದುಕೊಟ್ಟ ಸಾಲೆಯ ಸೀಮೆಸುಣ್ಣವೇ ಕಳಪೆಯದಿರಬಹುದು.

ಗಿರಣಿಯೊಳಗಿನ ಹೊಗೆ ಚದುರುವ ಮೊದಲೇ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಇವತ್ತಿಗೂ ಬಸ್ಸು ಸ್ವಲ್ಪ ತಡವಾದರೆ ನಾನು ಅದರ ಗಾಲಿ, ಡ್ರೈವರನ ಕಣ್ಣು, ದಾರಿಯ ಸೇತುವೆ ಎಲ್ಲವನ್ನೂ ಕೆಡಿಸಿಬಿಡುತ್ತೇನೆ. ಅಷ್ಟರಲ್ಲಿ ಬಸ್ಸು ಬಂದು ನಿಲ್ಲುತ್ತದೆ. ಆಗಿನ್ನೂ ಇಪ್ಪತ್ತೈದರ ಪ್ರಾಯ. ಚಿಂತೆಯಲ್ಲಿ ಮಾತ್ರ ಈಗಿನಷ್ಟೇ ಪಳಗಿದ್ದೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ತಂಗಿಯನ್ನು ನಮ್ಮ ಸನಮಡಿಯಿಂದ ಸೊರಡಿಗೆ ಕೊಟ್ಟು ವರ್ಷ ತುಂಬಿರಲಿಲ್ಲ. ಅವಳ ಗಂಡನ ಮನೆಯವರು ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಆ ಎಂಜಿನ್ನಿನ ಟೈಮಿಂಗ್ ಗೇರು ಸವೆದಾಗ, ಹೊರಗಿನ ಮಿಸ್ತ್ರಿ ಯಾಕೆ, ನಮ್ಮ ಸೋದರಮಾವನನ್ನೇ ಕರೆಸೋಣ ಎಂದವಳು ತಂಗಿ. ಆ ಮನೆಯಲ್ಲಿ ಅವಳ ಮಾತೊಂದು ನಡೆದದ್ದು ಅದೇ ಮೊದಲು. ಮಾಮನ ಸೈಕಲ್ಲಿನ ಹಿಂದೆ ನಾನೂ ಕೂತು ಬಂದಿದ್ದೆ. ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ ಹತ್ತಿರ ಬಂದಿತ್ತು. ತಂಗಿಯನ್ನು ತವರಿಗೆ ಕರೆದೊಯ್ಯಬೇಕಿತ್ತು.

“ಕರಕೊಂಡ ಹೋಗ್ರಿ ಮಾಸ್ತರ, ಯಾರು ಬ್ಯಾಡಂತಾರ?” ಎಂದಿದ್ದರು ಅವಳ ಅತ್ತೆ. “ಮೊದಲ ಗಿರಣಿ ಚಾಲೂ ಆಗ್ಲಿ. ಹಬ್ಬದ ಹಿಟ್ಟು ಬೀಸಾಕ ಊರ ಮಂದಿ ಚೀಲಾ ತಂದು ಇಟ್ಟಾರ. ನಿಮ್ಮ ಮಾಮಾ ಕೆಡಿಸಿ ಹೋದ್ರ ಇಕೀನ ಕುಂತು ಬೀಸಬೇಕು, ಕಲ್ಲಿನಾಗ.”

ಟೈಮಿಂಗ್ ಗೇರು ಎಂದರೆ ಹಲ್ಲಿಗೆ ಹಲ್ಲು ಕೂಡಿಸಿಕೊಂಡ ಎರಡು ಚಕ್ರ, ಒಂದು ದೊಡ್ಡದು, ಒಂದು ಚಿಕ್ಕದು. ಪಿಸ್ಟನ್ ಮೇಲಕ್ಕೆ ಬಂದಾಗ ವಾಲ್ವುಗಳು ದಾರಿ ಬಿಟ್ಟುಕೊಡಬೇಕು. ಆ ಹೊಂದಾಣಿಕೆ ಈ ಹಲ್ಲುಗಳದು. ನಾಲ್ಕು ಹಲ್ಲು ಆಚೀಚೆ ಕೂತರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅದಕ್ಕೇ ಮಾಮ ಸವೆದ ಚಿಕ್ಕ ಗೇರನ್ನು ಬಿಚ್ಚುವಾಗ ದೊಡ್ಡದರ ಹಲ್ಲೊಂದರ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟಿದ್ದ. ಎಂಜಿನ್ನನ್ನು ಹಾಗೇ ತೆರೆದಿಟ್ಟು, ಅಮಾವಾಸ್ಯೆಯ ದಿನ ನಾವಿಬ್ಬರೂ ಜತ್ತಿಗೆ ಹೋಗಿ ಹೊಸ ಗೇರು ತಂದೆವು. ಮರುದಿನ ಅದರ ಮೇಲೆ ಕೊರೆದಿದ್ದ ಗುರುತನ್ನು ಬಿಳಿಯ ಚುಕ್ಕೆಗೆ ಕೂಡಿಸಿ, ಮುಚ್ಚಳ ಬಿಗಿದು, ಮಾಮ ಹ್ಯಾಂಡಲ್ ಹಿಡಿದ.

“ದೂರ ಸರೀರಿ. ಒಂದs ಸುತ್ತಿಗೆ ಎದ್ದ ಕುಂದರತೈತಿ,” ಎಂದ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಮಾಮ ಎಂದೂ ತಡಮಾಡಿದವನಲ್ಲ.

ಫಟ್ ಎಂದಿತು. ಮೇಲಿನ ತಗಡಿನ ಪತ್ರಾಸು ನಡುಗಿತು. ಹೊಗೆ ಬಂತು, ಹೊರಗೆ ಚಾಚಿದ ಕೊಳವೆಯಿಂದಲ್ಲ, ಗಾಳಿಯನ್ನು ಒಳಗೆಳೆದುಕೊಳ್ಳುವ ಬಾಯಿಂದ. ದೊಡ್ಡ ಗಾಲಿ ಗಕ್ಕನೆ ನಿಂತು ಅರ್ಧ ಸುತ್ತು ಹಿಂದಕ್ಕೆ ಬಂತು. ಹ್ಯಾಂಡಲ್ ಮಾಮನ ಕೈಯಿಂದ ಕಿತ್ತುಕೊಂಡು ಯಾರದೋ ಜೋಳದ ಚೀಲಕ್ಕೆ ಬಡಿಯಿತು.  ಹರಿದ ಚೀಲದಿಂದ ಜೋಳ ಸುರಿಯತೊಡಗಿತು.

ಅತ್ತೆ ಮಾಮನ ಕಿವಿಯಲ್ಲಿದ್ದ ಬೀಡಿಯನ್ನು ನೋಡಿದರು. “ಉಣ್ಣೂ ಬಾಯಾಗಿಂದs ಹೊಗಿ ಬಿಡಾಕತ್ತೇತಿ. ಇದಕ್ಕೂ ಸನಮಡಿ ಚಾಳಿ ಹತ್ತಿತೇನು?”

ಬಾಗಿಲಲ್ಲಿ ಇಟ್ಟುಕೊಂಡಿದ್ದ ತನ್ನ ಟ್ರಂಕನ್ನು ತಂಗಿ ಎತ್ತಿಕೊಂಡು ಒಳಗೆ ಹೋದಳು. ಆ ಫಟ್ ಸದ್ದಿಗಿಂತ ಇದನ್ನು ಕಂಡೇ ನಾನು ಹೆಚ್ಚು ಹೆದರಿದೆ.

ಮಾಮ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಒಂದು ಜಾಗಕ್ಕೆ ಬಂದಾಗ ಒಳಗೆ ಟಕ್ ಎಂದು ಲೋಹಕ್ಕೆ ಲೋಹ ತಾಗಿತು. ಅವನ ಮುಖ ಇಳಿಯಿತು. ಎಂಜಿನ್ನಿನ ತಲೆಯ ಮುಚ್ಚಳ ತೆಗೆದು, ವಾಲ್ವುಗಳನ್ನು ಎತ್ತುವ ಎರಡು ಉದ್ದನೆಯ ಕಡ್ಡಿಗಳನ್ನು ಹೊರಗೆಳೆದು ಹಾಸುಗಲ್ಲಿನ ಮೇಲೆ ಉರುಳಿಸಿದ. ಒಂದು ನೆಟ್ಟಗೆ ಉರುಳಿತು. ಇನ್ನೊಂದು ಕುಡಿದವನಂತೆ ತೂರಾಡಿತು.

“ಬಾಗೇತಿ,” ಎಂದ. “ಪಿಸ್ಟನ್ ವಾಲ್ವಿಗೆ ಗುದ್ದೇತಿ. ಅಂದ್ರ ಗೇರ್ ತಪ್ಪಿ ಕುಂತೇತಿ. ಆದ್ರ ತಪ್ಪೋದು ಹೆಂಗ? ನನ್ನ ಚುಕ್ಕಿಗೇ ಕೂಡ್ಸೀನಲ್ಲೋ?”

ಗೇರಿನ ಮುಚ್ಚಳವನ್ನೂ ಬಿಚ್ಚಿದ. ಗುರುತು ಚುಕ್ಕೆಗೆ ಕೂಡಿಯೇ ಇತ್ತು. ಮಾಮ ಗೇರನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಗೇರನ್ನು ನೋಡಿದ. ನಾನು ಸೀಮೆಸುಣ್ಣದ ಚಿಂತೆಯನ್ನು ಮತ್ತೆ ಶುರುಮಾಡಿದೆ. ಆಗ ಅವನು ದೊಡ್ಡ ಗೇರಿನ ಹಿಂದಕ್ಕೆ ಬೆರಳು ಹಾಕಿ, ಎಣ್ಣೆಯಲ್ಲಿ ತೊಯ್ದ ಒಂದು ಎಸಳನ್ನು ಎಳೆದ. ಚೆಂಡುಹೂವಿನದು.

“ಅಕ್ಕಾರ, ಗೇರಿನಾಗ ಹೂವ ಯಾಕ ಬಂತ್ರಿ?”

“ಹೂವ ಏರಿಸೀನಿ, ಅದಕ್ಕ ಬಂದೈತಿ,” ಎಂದರು ಅತ್ತೆ. “ಅಮಾಸಿ ಅಲ್ಲೇನು? ನೀವು ಅದರ ಹೊಟ್ಟಿ ಬಗದು ಜತ್ತಿಗಿ ಹ್ವಾದ್ರಿ. ಅರಿವೀಲೆ ಸ್ವಚ್ಛ ಒರಸಿ ಪೂಜಾ ಮಾಡೀನಿ. ಹಲ್ಲಿನ ಗಾಲಿ ಮ್ಯಾಲೆ ಏನೋ ಸುಣ್ಣದ ಕಲಿ ಹತ್ತಿತ್ತು, ಅದನ್ನೂ ತಗದೀನಿ. ಅದರ ನೆತ್ತಿ ಮ್ಯಾಲೆ ಒಂದ ಬೊಟ್ಟು ಈಬತ್ತಿ ಹಚ್ಚೀನಿ. ಅಮಾಸಿ ದಿನ ಬೋಳ ಹಣಿ ಬಿಡಬೇಕಾಗಿತ್ತೇನು?”

ವಿಭೂತಿ ಎಂದದ್ದೇ ಮಾಮ ಕೂತುಬಿಟ್ಟ. ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು. ತಿಳಿಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೆಲ್ಲಗೆ, “ಹಂಗಾರ ಕೆಡಿಸಿದಾಕಿ ನಾನs ಅನ್ರಿ,” ಎಂದರು.

“ಛೇ, ಈಬತ್ತಿಗೆ ತಪ್ಪ ಹಚ್ಚಾಕ ಬರತೈತೇನ್ರಿ?” ಎಂದ ಮಾಮ. “ನಾನs ಒರಸಿ ನೋಡಬೇಕಿತ್ತು. ಬಿಳೇ ಚುಕ್ಕಿ ಕಂಡ ಕೂಡಲೆ ನಾ ಇಟ್ಟದ್ದs ಅಂದೆ.”

ಮಾಮನ ಬಾಯಿಂದ ಅಂಥ ಮಾತು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಕಡ್ಡಿಯನ್ನು ಅದೇ ಹಾಸುಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹಗುರಕ್ಕೆ ತಟ್ಟಿ ನೆಟ್ಟಗೆ ಮಾಡಿದ. ಪಿಸ್ಟನ್ನನ್ನು ಮೇಲಕ್ಕೆ ತಂದು, ವಾಲ್ವುಗಳ ಅಲುಗಾಟ ನೋಡುತ್ತ ಸರಿಯಾದ ಹಲ್ಲನ್ನು ಹುಡುಕಿ ಗೇರು ಕೂಡಿಸಿದ. ಪಿಸ್ಟನ್ನಿಗೆ ಏನೂ ಆಗಿರಲಿಲ್ಲ, ಕ್ರ್ಯಾಂಕಿಗೂ ಆಗಿರಲಿಲ್ಲ. ಎಂಜಿನ್ನು ಎದ್ದು ಕೂತಿತು. ಹೊಗೆ ಹೊರಗಿನ ಕೊಳವೆಯಿಂದಲೇ ಹೋಯಿತು. ಸೀರೆಯ ಸೆರಗಿನಲ್ಲಿ ಚೆಲ್ಲಿದ ಜೋಳ ತುಂಬುತ್ತಿದ್ದ ತಂಗಿ ತಲೆ ಎತ್ತಲಿಲ್ಲ, ಆದರೆ ಅವಳ ಭುಜ ಕುಲುಕುತ್ತಿತ್ತು.

“ನಗೂದು ಸಾಕು, ಹೊತ್ತ ಮುಳಗೂದರಾಗ ಸನಮಡಿ ಮುಟ್ರಿ,” ಎಂದರು ಅತ್ತೆ. ಟ್ರಂಕನ್ನು ಒಳಗಿನಿಂದ ಹೊತ್ತು ತಂದವರೂ ಅವರೇ.

ಸೈಕಲ್ಲಿನ ಕ್ಯಾರಿಯರಿಗೆ ಟ್ರಂಕು ಬಿಗಿದು ಮೂವರೂ ನಡೆದೆವು. ಹಗ್ಗ ಹರಿದೀತೇ, ಗಾಲಿ ಪಂಕ್ಚರ್ ಆದೀತೇ, ಅತ್ತೆ ಹಿಂದಿನಿಂದ ಯಾರನ್ನಾದರೂ ಅಟ್ಟಿ ಕರೆಸಿಯಾರೇ ಎಂದು ನಾನು ದಾರಿಯುದ್ದಕ್ಕೂ ಚಿಂತಿಸಿದೆ. ಆವತ್ತು ನಿಜವಾಗಿ ತಪ್ಪಿದ್ದು ಇಷ್ಟೇ: ಬೆರಳ ತುದಿಯಷ್ಟು ವಿಭೂತಿ, ನಾಲ್ಕು ಹಲ್ಲು ಆಚೆ.