ಅಪ್ಪನ ಸಣ್ಣ ದನಿ

ಬನಹಟ್ಟಿಯ ತವರುಮನೆಗೆ ಬಂದಿದ್ದೇನೆ. ಒಳಗೆ ಕಾಲಿಡುತ್ತಲೇ ಮಗ್ಗದ ಎಣ್ಣೆಯ ವಾಸನೆ ಬಂದು, ಚಿಕ್ಕವಳಿದ್ದಾಗ ಅಪ್ಪ, ಅವ್ವನ ಜೊತೆ ವಿಜಯಪುರಕ್ಕೆ ಹೋಗಿದ್ದ ಒಂದು ರವಿವಾರ ನೆನಪಾಯಿತು.

ಪವರ್‌ಲೂಮಿನ ಸದ್ದಿನಲ್ಲಿ ನಮಗೆಲ್ಲ ಕೂಗಿಯೇ ಮಾತಾಡುವ ರೂಢಿ. ಅಪ್ಪನದಂತೂ ಓಣಿಗೆಲ್ಲ ಕೇಳುವ ಗಂಟಲು. ಬಸ್ಸು ಜಮಖಂಡಿ ದಾಟುವಷ್ಟರಲ್ಲಿ ನಮ್ಮ ಮನೆಯ ಸುದ್ದಿಯೆಲ್ಲ ಪ್ರಯಾಣಿಕರಿಗೆ ಗೊತ್ತಾಗಿತ್ತು.

“ಸಾವಕಾಶ ಮಾತಾಡ್ರಿ, ಮಂದಿ ನೋಡಾಕತ್ತಾರ,” ಎಂದು ಅವ್ವ ಸೆರಗು ಬಾಯಿಗೊತ್ತಿ ನಕ್ಕಳು.

ಗೋಳಗುಮ್ಮಟದ ಮೆಟ್ಟಿಲು ಹತ್ತಿ ಒಳಗಿನ ದುಂಡು ಮೊಗಸಾಲೆಗೆ ಬಂದಾಗ ಅಲ್ಲಿ ಇನ್ನೂ ಜನರಿರಲಿಲ್ಲ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತದೆ ಎಂದು ಕಾವಲುಗಾರ ಹೇಳಿದ.

“ಅದು ನನ್ನ ಕಡಿಂದ ಆಗೂದಿಲ್ಲ ಬಿಡ್ರಿ,” ಎನ್ನುತ್ತಲೇ ಅಪ್ಪ ಆಚೆ ಹೋದ. ನಾನು ಈಚೆ ಗೋಡೆಗೆ ಕಿವಿ ಹಚ್ಚಿ ಕೂತೆ. ಆಮೇಲೆ ಮಗ್ಗುಲಲ್ಲೇ ಕೂತು ಹೇಳಿದಷ್ಟು ಮೆತ್ತಗೆ ಬಂತು: “ಕಾಲು ನೋಯಾಕತ್ತಾವೇನು ನನ್ನವ್ವಾ? ಇಳಿಯುವಾಗ ಎತ್ಕೊತೇನಿ.”

ಅಪ್ಪನಿಗೆ ಇಂಥದೊಂದು ದನಿ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಕಾಲು ನೋಯುತ್ತಿರಲಿಲ್ಲ. ಆದರೂ, “ಹೂಂ, ಭಾಳ ನೋಯಾಕತ್ತಾವು,” ಎಂದೆ. ಕೊನೆಯ ಮೆಟ್ಟಿಲಿನವರೆಗೂ ಅಪ್ಪನ ಹೆಗಲ ಮೇಲೆ ಕೂತು ಇಳಿದೆ.

ಈ ಸಲ ನನ್ನ ಮಕ್ಕಳೂ ಜೊತೆಗೆ ಬಂದಿದ್ದಾರೆ. ನಾಳೆ ಅವರಿಗೆ ಗುಮ್ಮಟ ತೋರಿಸುತ್ತೇನೆಂದು ಅವ್ವನಿಗೆ ಹೇಳುತ್ತಿದ್ದೆ. ಮಗ್ಗದ ಕೋಣೆಯಿಂದ ಅಪ್ಪ ಕೂಗಿದ: “ನಾನೂ ಬರ್ತೇನಿ.”