ಗೂಟ ಕಾಯುವವಳು

ಮೊನ್ನೆ ಸೊಸೆ ಬಟ್ಟೆ ಒಣಹಾಕಲು ಸಂತೆಯಿಂದ ಪುಂಡಿನಾರಿನ ಹಗ್ಗ ತಂದಳು. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ ಎಂದು ಗೊಣಗಿದವಳು ನಾನೇ. ಅದನ್ನು ಹಿತ್ತಲಲ್ಲಿ ಕಟ್ಟಿದ ಸಂಜೆ ಮಳೆ ಬಂತು. ಬೆಳಿಗ್ಗೆ ಚಹಾ ಹಿಡಿದು ಹಿತ್ತಲ ಬಾಗಿಲು ತೆರೆದರೆ ಒದ್ದೆ ನಾರಿನ ವಾಸನೆ ಮುಖಕ್ಕೆ ರಾಚಿತು... ಚಹಾದ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಇದು ಅತ್ತಿಯ ಸೆರಗಿನ ವಾಸನೆ.

ಅತ್ತಿ ಎಂದರೆ ರಕ್ತಸಂಬಂಧವೇನಲ್ಲ. ಹಾನಗಲ್ಲಿನ ನನ್ನ ತವರುಮನೆಯ ಗೋಡೆಗೆ ಅವರ ಗೋಡೆ ಹತ್ತಿತ್ತು. ಅವಳ ಗಂಡ ಆನಿಕೆರೆಯಲ್ಲಿ ಬಲೆ ಬೀಸುವವ. ಓಣಿಯ ಹುಡುಗಿಯರಿಗೆಲ್ಲ ಅವನು ಮಾವ, ಇವಳು ಅತ್ತಿ. ನಮ್ಮದು ಮೀನು ಮುಟ್ಟದ ಮನೆ. ನಾನು ಹೊರಗಿಂದ ಬಂದ ಕೂಡಲೇ ಅವ್ವ ನನ್ನ ಜಡೆ ಹಿಡಿದು ಮೂಸುತ್ತಿದ್ದಳು.

"ಕೆರಿಗೆ ಹೋಗಿದ್ದಿ, ಹೌದಿಲ್ಲೊ?"

ಹೌದು ಅಂದರೂ ಬೈಗುಳ, ಇಲ್ಲ ಅಂದರೂ ಬೈಗುಳ. ಅದೇ ಅವ್ವ, ಅತ್ತಿಗೆ ಜ್ವರ ಬಂದರೆ ಗೋಡೆಯ ಮೇಲಿಂದ ಗಂಜಿ ದಾಟಿಸುತ್ತಿದ್ದಳು. ಆಗ ಯಾರ ಜಡೆಯ ವಾಸನೆಯೂ ಅವಳಿಗೆ ನೆನಪಾಗುತ್ತಿರಲಿಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ನೀರಿಗಿಳಿಯುವ ಮೊದಲು ಮಾವ ಕೆರೆಯ ದಂಡೆಯಲ್ಲಿ ಜಾಲಿಯ ಗೂಟವೊಂದನ್ನು ಬಡಿಯುತ್ತಿದ್ದ. ಹಿಡಿದ ಮೀನು ಜೀವಂತ ಉಳಿಯಲೆಂದು ಬುಟ್ಟಿಯನ್ನು ಪುಂಡಿ ಹಗ್ಗದಿಂದ ಆ ಗೂಟಕ್ಕೆ ಕಟ್ಟಿ ನೀರಲ್ಲಿ ಬಿಡುತ್ತಿದ್ದರು. ಗೂಟದ ಪಕ್ಕ ಹೆಂಡತಿ ಕುಳಿತು ಕಾಯಬೇಕು. ಗಂಡ ಮರಳಿ ಬಂದು ಗೂಟ ಮುಟ್ಟುವ ತನಕ ಅವಳು ಏಳುವಂತಿಲ್ಲ, ನೀರಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲ, ಹಿಂದಿನಿಂದ ಯಾರು ಕರೆದರೂ ತಿರುಗುವಂತಿಲ್ಲ. ತಿರುಗಿದರೆ ನೀರಲ್ಲಿದ್ದವನಿಗೆ ಕೇಡು.

ನಾನು ಕಿಡಿಗೇಡಿ. ಬೇಕೆಂದೇ ಅವಳ ಹಿಂದೆ ನಿಂತು, "ಅತ್ತೀ, ನಿಮ್ಮ ಮನಿಗೆ ಬೀಗರ ಬಂದಾರ" ಎಂದು ಕೂಗುತ್ತಿದ್ದೆ. ಅವಳ ಬೆನ್ನು ನಗುವಿನಿಂದ ಕುಲುಕುತ್ತಿತ್ತು, ಮುಖ ಮಾತ್ರ ಇತ್ತ ತಿರುಗುತ್ತಿರಲಿಲ್ಲ.

"ಕೂಗ ಯವ್ವಾ, ಕೂಗ. ನಿಮ್ಮ ಮಾವನ ದನೀಲೆ ಕರದ್ರೂ ನಾ ತಿರಗಂಗಿಲ್ಲ. ಆತ ನೀರಾಗ ಅದಾನ, ಆತನ ದನಿ ದಂಡಿಮ್ಯಾಲಿಂದ ಹ್ಯಾಂಗ ಬರತೈತಿ? ಅದು ಬ್ಯಾರೆ ಏನೋ ಇರತೈತಿ."

ಆಗ ಹೆದರಿ ಮನೆಗೆ ಓಡಿದ್ದೆ. ಆದರೂ ಮರುದಿನ ಮತ್ತೆ ಹೋಗಿ ಕೂಗಿದ್ದೆ.

ಮದುವೆಯಾಗಿ ನಾನು ಕುಮಟೆಯ ಕಡೆಯ ಒಂದು ಸಣ್ಣ ಊರಿಗೆ ಹೋದೆ. ನಮ್ಮವರ ನೌಕರಿ ಅಲ್ಲಿತ್ತು. ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾದ ಹೊಸದು. ಬಸುರಿಯಾದಾಗ ತವರಿನಿಂದ ಬುತ್ತಿ ಬರಬೇಕಲ್ಲ, ಅವ್ವ ಕಾಲು ಉಳುಕಿಸಿಕೊಂಡು ಮಲಗಿದ್ದಳು. ಅತ್ತಿ, ಮಾವ ತಾವೇ ಹೊತ್ತು ತಂದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ, ಕರಚಿಕಾಯಿ. ಘಟ್ಟ ಇಳಿಯುವಾಗ ಬಸ್ಸಿನಲ್ಲಿ ವಾಂತಿ ಮಾಡಿ ಮಾಡಿ ಅತ್ತಿಯ ಮುಖ ಬಾಡಿತ್ತು. ಸಮುದ್ರ ಕಂಡ ಮೇಲೆ ಮಾತ್ರ ಅವಳು ಮಗುವಿನಂತಾದಳು. ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು, ನಂಬಿಕೆ ಸಾಲದೆ ಇನ್ನೊಂದು ಬೊಗಸೆ ಕುಡಿದಳು.

ಸಂಜೆ ಪಕ್ಕದ ಮೀನಿನವಳು ತನ್ನ ಬುಟ್ಟಿಯಿಂದ ಒಂದು ನಂಗು ಮೀನು ತೆಗೆದು ತೋರಿಸಿದಳು. ಎಲೆಯ ಹಾಗೆ ಚಪ್ಪಟೆ. ದಂಡೆಯ ಹತ್ತಿರವೇ ಮರಳಿನಲ್ಲಿ ಹುದುಗಿ ಮಲಗಿರುತ್ತದೆ, ಕಾಲಲ್ಲಿ ತಡವಿದರೆ ಸಿಗುತ್ತದೆ ಎಂದಳು. ಮಾವ ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿ ಕಂಗಾಲಾದ.

"ಎರಡೂ ಕಣ್ಣು ಒಂದ ಕಡೆ ಅದಾವಲ್ಲಲೇ! ಈ ಕಡೆ ಬರೇ ಬಿಳೀದು!"

ಅತ್ತಿ ಮೀನಿನ ಕುರುಡು ಮಗ್ಗುಲನ್ನು ಬೆರಳಿನಿಂದ ಸವರಿದಳು. "ಪಾಪ, ಈ ಕಡಿಂದ ಏನ ಬಂದ್ರೂ ಇದಕ್ಕ ತಿಳಿಯಂಗಿಲ್ಲ ನೋಡ" ಅಂದಳು.

ಮಾವನಿಗೆ ಹುಚ್ಚು ಹಿಡಿಯಿತು. ಒಂದು ನಂಗನ್ನಾದರೂ ತನ್ನ ಕೈಯಿಂದಲೇ ಹಿಡಿಯಬೇಕು, ಹಾನಗಲ್ಲಿಗೆ ಹೋಗಿ ಹೇಳಬೇಕು. ಮರುದಿನ ಬೆಳಿಗ್ಗೆ ಮೂವರೂ ದಂಡೆಗೆ ಹೋದೆವು. ಇಳಿತದ ಹೊತ್ತು. ದಂಡೆಯಿಂದ ಆಚೆ ಒಂದು ಮರಳದಿಬ್ಬ ಎದ್ದಿತ್ತು, ನಡುವೆ ಪಾದ ಮುಳುಗುವಷ್ಟು ನೀರು. ಮಾವ, ಅತ್ತಿ ಅದನ್ನು ದಾಟಿಹೋದರು. ತುಂಬು ಬಸುರಿಯಾದ ನಾನು ತೆಂಗಿನ ಮರದ ಕೆಳಗೆ ಕುಳಿತೆ.

"ನೀರ ಏರತೈತ್ರಿ ಮಾವ, ಲಗೂನ ಬರ್ರಿ" ಎಂದು ಅವರು ದಾಟುವ ಮೊದಲೇ ಹೇಳಿದ್ದೆ. ಮೀನಿನವಳೂ ಹೇಳಿದ್ದಳು. ಮಾವ ಆಕಾಶ ನೋಡಿ ನಕ್ಕಿದ್ದ.

"ಒಂದ ಮೋಡ ಇಲ್ಲ. ಮಳಿ ಇಲ್ಲದ ನೀರ ಹ್ಯಾಂಗ ಏರತೈತಿ ಯವ್ವಾ?"

ಕೆರೆಯವರ ಲೆಕ್ಕ ಅದು. ಮಳೆ ಬಂದರೆ ಏರುತ್ತದೆ, ತೂಬು ಬಿಟ್ಟರೆ ಇಳಿಯುತ್ತದೆ, ಉಳಿದ ಹೊತ್ತಲ್ಲಿ ನೀರು ಇದ್ದಲ್ಲೇ ಇರುತ್ತದೆ. ದಿಬ್ಬದ ಆಚೆಯ ಅಂಚಿನಲ್ಲಿ ಅವನು ಗೂಟ ಬಡಿದ, ಬುಟ್ಟಿ ಕಟ್ಟಿದ. ಅತ್ತಿ ನನಗೆ ಬೆನ್ನು ಮಾಡಿ, ಕಡಲಿಗೆ ಮುಖ ಮಾಡಿ ಕುಳಿತಳು. ಮಾವ ಎದೆಮಟ್ಟದ ನೀರಿಗೆ ಇಳಿದ. ಒಮ್ಮೆ ಬಂದು ಬುಟ್ಟಿಗೆ ಏನೋ ಹಾಕಿ, ಅವಳಿಗೇನೋ ಹೇಳಿ ನಗಿಸಿ ಮತ್ತೆ ಹೋದ.

ಆಮೇಲೆ ನೀರು ಬಂತು. ಮುಂದಿನಿಂದಲ್ಲ, ಮೊದಲು ಹಿಂದಿನಿಂದ ಬಂತು. ದಿಬ್ಬಕ್ಕೂ ದಂಡೆಗೂ ನಡುವೆ ಸದ್ದಿಲ್ಲದೆ ತುಂಬಿಕೊಂಡಿತು. ನಾನು ಎದ್ದು ನಿಂತೆ. ಕೂಗಿದೆ. ಜೀವಮಾನದಲ್ಲಿ ಹಾಗೆ ಕೂಗಿರಲಿಲ್ಲ. "ಅತ್ತೀ, ಏಳ್ರಿ! ಹಿಂದ ನೀರ ಬಂತು!" ಆ ಬೆನ್ನು ಅಲುಗಲಿಲ್ಲ. ಚಿಕ್ಕಂದಿನಿಂದ ಅದೇ ಬೆನ್ನಿಗೆ ಕೂಗಿ ಕೂಗಿ ನಗಿಸಿದವಳು ನಾನು...

ಅಷ್ಟರಲ್ಲಿ ಯಾರೋ ನನ್ನ ಹೆಗಲು ಹಿಡಿದರು. ತಿರುಗಿ ನೋಡಿದರೆ ಮಾವ! ಮೈಯೆಲ್ಲ ನೀರು, ಕೈಯಲ್ಲಿ ಇನ್ನೂ ಒದ್ದಾಡುವ ನಂಗು. ಸೆಳವು ಅವನನ್ನು ದೂರ ತಳ್ಳಿಕೊಂಡು ಹೋಗಿ ದಂಡೆಯ ಇನ್ನೊಂದು ತುದಿಗೆ ಹಾಕಿತ್ತು. ಅಲ್ಲಿಂದ ಓಡಿ ಬಂದಿದ್ದ. ಅವನು ಬದುಕಿದ್ದಾನೆ, ದಂಡೆಯ ಮೇಲಿದ್ದಾನೆ, ಅವಳು ಅವನಿಗಾಗಿ ಅಲ್ಲಿ ಕಾಯುತ್ತಿದ್ದಾಳೆ.

"ಏ, ನಾ ಇಲ್ಲೆ ಅದೇನಿ! ಎದ್ದು ಬಾರ! ನಾನ ಕರಿಯಾಕತ್ತೇನಿ!"

ಅವನ ದನಿ ಅವಳಿಗೆ ಕೇಳಿಸಿತು. ನಾನು ಕಣ್ಣಾರೆ ಕಂಡೆ. ಬಾಗಿದ್ದ ಅವಳ ಬೆನ್ನು ಒಮ್ಮೆಲೇ ನೆಟ್ಟಗಾಯಿತು. ಆದರೆ ಅವಳು ತಿರುಗಲಿಲ್ಲ. ಎರಡೂ ಕೈಯಿಂದ ಗೂಟವನ್ನು ತಬ್ಬಿಕೊಂಡಳು.

ಮಾವ ನೀರಿಗೆ ಹಾರಿದ. ಸೆಳವು ಅವನನ್ನು ಮತ್ತೆ ಪಕ್ಕಕ್ಕೆ ಎಳೆಯಿತು. ಮೀನಿನವಳ ಮನೆಯ ಗಂಡಸರು ದೋಣಿ ನೂಕಿಕೊಂಡು ಹೋದರು, ದಾರಿಯಲ್ಲಿ ಅವನನ್ನೂ ಎಳೆದುಹಾಕಿಕೊಂಡರು. ದೋಣಿ ಇನ್ನೂ ಅರ್ಧ ದಾರಿಯಲ್ಲಿದ್ದಾಗ ದೊಡ್ಡ ತೆರೆಯೊಂದು ಬಂದು ನನ್ನ ಕಣ್ಣಿಗೆ ಏನೂ ಕಾಣದಂತೆ ಮಾಡಿತು. ತೆರೆ ಇಳಿದಾಗ ಗೂಟದ ತುದಿ ಇತ್ತು. ಅತ್ತಿ ಇರಲಿಲ್ಲ.

ಬುಟ್ಟಿ ಹಗ್ಗದಲ್ಲಿ ಹಾಗೇ ಇತ್ತಂತೆ, ಅದರೊಳಗಿನ ನಂಗು ಜೀವಂತ ಇತ್ತಂತೆ. ದೋಣಿಯವರು ಆಮೇಲೆ ಹೇಳಿದರು. ಅದನ್ನು ಕೇಳಿ ನನಗೆ ಮೀನಿನ ಮೇಲೆ, ಸಮುದ್ರದ ಮೇಲೆ, ಆ ಹಾಳು ಕಟ್ಟಳೆಯ ಮೇಲೆ ಎಂಥ ಸಿಟ್ಟು ಬಂತೆಂದರೆ ಅಳು ಸಹ ಬರಲಿಲ್ಲ.

ಮಾವ ಎಷ್ಟೋ ದಿನ ದಂಡೆ ಬಿಟ್ಟು ಏಳಲಿಲ್ಲ. "ಕೆರಿ ಆಗಿದ್ರ ತಿರುಗಿ ಕೊಡತಿತ್ತು" ಎಂದಷ್ಟೇ ಅನ್ನುತ್ತಿದ್ದ. ಸಮುದ್ರ ಏನನ್ನೂ ಕೊಡಲಿಲ್ಲ. ಹಾನಗಲ್ಲಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು ಕೇಳಿದ, "ಆಕಿ ಬೆನ್ನು ನೆಟ್ಟಗ ಮಾಡಿದ್ದು ನೀನೂ ನೋಡಿದಿ, ಹೌದಲ್ಲ?" ಹೌದೆಂದು ತಲೆಯಾಡಿಸಿದೆ. ಮತ್ತೆ ಅವನು ಬಲೆ ಮುಟ್ಟಲಿಲ್ಲ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತ, ಅಲ್ಲೇ ಮುದುಕನಾಗಿ ತೀರಿಕೊಂಡ. ಈಗ ಅವರ ಮನೆಯೂ ಇಲ್ಲ, ನಮ್ಮ ಗೋಡೆಯೂ ಇಲ್ಲ. ಅತ್ತಿ ಬುತ್ತಿ ಹೊತ್ತು ತಂದದ್ದು ಯಾವ ಬಸಿರಿಗೋ ಆ ಮಗನಿಗೆ ಈಗ ತಲೆ ನರೆತಿದೆ.

"ಅತ್ತೀ, ಚಾ ಆರಿಹೋತ್ರಿ!"

ಹಿಂದಿನಿಂದ ಸೊಸೆ ಕರೆದಳು. ನಾನು ಥಟ್ಟನೆ ತಿರುಗಿದೆ, ಚಹಾ ಸೀರೆಯ ಮೇಲೆ ಚೆಲ್ಲಿತು. ಒಂದೇ ಕೂಗಿಗೆ ಹೀಗೆ ಬೆದರಿ ತಿರುಗುವ ನನ್ನ ಚಾಳಿ ಕಂಡು ಮನೆಯವರೆಲ್ಲ ನಗುತ್ತಾರೆ. ಅವಳೂ ನಕ್ಕಳು. ಅವಳ ಮುಖವನ್ನು ನಾನು ಒಂದು ಗಳಿಗೆ ಹಾಗೇ ನೋಡಿದೆ. ಕರೆದವಳು ನಿಜವಾಗಿ ಅವಳೇ ಆಗಿದ್ದಳು... ಕರೆದವರು ಅವರೇ ಆಗಿರುತ್ತಾರೆ ಅತ್ತಿ, ಒಮ್ಮೆ ತಿರುಗಿ ನೋಡಬಾರದಿತ್ತೇ?